ಮೇಕೆಯ ನೆಗೆತ

ಮೇಕೆ ಮತ್ತೆ ಬಿತ್ತು.

ಅಂಗೈಯಗಲದ ಪರದೆ. ಅದರಲ್ಲಿ ಮೇಕೆ ಅಂದರೆ ಎಂಟು ಚುಕ್ಕಿ ಉದ್ದ, ಎಂಟು ಚುಕ್ಕಿ ಎತ್ತರ. ಗಡ್ಡಕ್ಕೆ ಒಂದೇ ಚುಕ್ಕಿ. ತಾನಾಗಿ ಓಡುತ್ತದೆ. ಅಂಚಿಗೆ ಬಂದಾಗ ಗುಂಡಿ ಒತ್ತಿದರೆ ಇನ್ನೊಂದು ಮಾಳಿಗೆಗೆ ನೆಗೆಯುತ್ತದೆ. ಅಕ್ಕನ ಹೆಬ್ಬೆರಳು ಏಳುವಷ್ಟರಲ್ಲಿ ಪಾತಾಳ ಸೇರಿರುತ್ತದೆ.

"ಹನ್ನೊಂದು," ಎಂದಳು ಅಕ್ಕ. ಗಣಿತದ ಟೀಚರು, ಸೋಲನ್ನೂ ಲೆಕ್ಕ ತಪ್ಪದೆ ಸೋಲುವವಳು.

ಆಟ ಅವಳದೇ. ಹದಿನೈದು ವರ್ಷದ ಹಿಂದೆ, ಒಂದೇ ಕುರ್ಚಿಯ ಎರಡು ಅಂಚಿನಲ್ಲಿ ತಮ್ಮನೊಂದಿಗೆ ಕೂತು, ಯಾವ ಕಾರ್ಖಾನೆಯಲ್ಲೂ ತಯಾರಾಗದ ಯಂತ್ರಕ್ಕೆ ಬರೆದದ್ದು. ಹದಿನಾರು ಬಣ್ಣ, ಆರು ಗುಂಡಿ, ಕೀರಲು ಸದ್ದು: ಹಳೆಯ ಕಾಲದಲ್ಲಿ ಇಂಥದೊಂದು ಆಟದ ಪೆಟ್ಟಿಗೆ ಇದ್ದಿದ್ದರೆ ಎಂದು ಯಾರೋ ಕಲ್ಪಿಸಿ, ಅದನ್ನು ಕಂಪ್ಯೂಟರಿನೊಳಗೆ ನಟನೆಗೆ ಬಿಟ್ಟಿದ್ದರು. ಇಲ್ಲದ ಯಂತ್ರದ ಮಿಮಿಕ್ರಿ.

ತಮ್ಮ ಈಗ ಆ ಇಲ್ಲದ್ದಕ್ಕೆ ಮೈ ಕೊಟ್ಟಿದ್ದ. ಲಿಫ್ಟುಗಳ ಬೋರ್ಡಿಗೆ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಅಂಥದೇ ಪುಟ್ಟ ಬೋರ್ಡು, ಅದರ ಮೇಲೊಂದು ಕಂಪ್ಯೂಟರ್ ಚಿಪ್ಪು. ನಡುವೆ ಆಪರೇಟಿಂಗ್ ಸಿಸ್ಟಮ್ ಎಂಬ ದಲ್ಲಾಳಿ ಇಲ್ಲ. ಗುಂಡಿ ಒತ್ತಿದರೆ ಸೀದಾ ಚಿಪ್ಪಿನ ಬಾಗಿಲು ತಟ್ಟಿದಂತೆ.

ಎರಡು ತಿಂಗಳ ಹಿಂದೆ ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು. ಹತ್ತು ದಿನದಿಂದ ವ್ಯಾಯಾಮವನ್ನೂ ಬಿಟ್ಟಿದ್ದಳು. ಈಗ ಬಿಟ್ಟರೆ ಬೆರಳು ಹಾಗೇ ಉಳಿದುಬಿಡುತ್ತದೆ ಎಂದಿದ್ದರು ಡಾಕ್ಟರು. ಆಟಕ್ಕಾದರೂ ಎದ್ದೀತು ಎಂಬ ಆಸೆ ಅವನದು.

"ಹೆಬ್ಬೆರಳು ಮೇಲಕ್ಕೇ... ಕೆಳಕ್ಕೇ... ವೆರಿ ಗುಡ್ ಅಮ್ಮಾ!" ವ್ಯಾಯಾಮ ಮಾಡಿಸುವವಳ ಮೂಗಿನ ದನಿ ತೆಗೆದ.

ಅಕ್ಕನ ಅರ್ಧ ಮುಖ ನಕ್ಕಿತು. ಇನ್ನರ್ಧ ಕೇಳಿಸಿಕೊಂಡಿತು.

"ಲೋ ಟೇಪ್ ರೆಕಾರ್ಡರು, ಅವಳನ್ನ ಕಳಿಸು. ನೀನು ಮಾತಾಡು."

"ಏನು?"

"ಏನಾದ್ರೂ. ನಿನ್ನ ದನೀಲಿ."

ಗಂಟಲು ಸರಿಮಾಡಿಕೊಂಡ. ಅವನ ಬಾಯಲ್ಲಿ ಡಾಕ್ಟರು ಬಂದರು, ಆಫೀಸಿನ ಮ್ಯಾನೇಜರು ಬಂದ, ತೀರಿಹೋದ ಅಪ್ಪ ಕೂಡ ಒಮ್ಮೆ ಕೆಮ್ಮಿದ. ತಾನು ಮಾತ್ರ ಬರಲಿಲ್ಲ.

"ಬ್ಯಾಟರಿ ಸಾಕಷ್ಟಿದೆ," ಎಂದ.

ಹನ್ನೆರಡನೆಯ ಮೇಕೆಯೂ ಬಿತ್ತು.

"ಇದು ನನ್ನ ಆಟ ಅಲ್ಲ ಕಣೋ."

"ನಿಂದೇ. ಒಂದಕ್ಷರ ಬದಲಾಯಿಸಿಲ್ಲ."

"ನನ್ನ ಮೇಕೆ ಅಂಚಲ್ಲಿ ಒಂಚೂರು ಯೋಚಿಸ್ತಿತ್ತು. ಇದಕ್ಕೆ ಯೋಚನೇನೇ ಇಲ್ಲ."

ಆಗ ಅವನಿಗೆ ಹೊಳೆಯಿತು. ಯೋಚಿಸುತ್ತಿದ್ದದ್ದು ಮೇಕೆಯಲ್ಲ, ಮನೆಯ ಹಳೆಯ ಕಂಪ್ಯೂಟರು. ಮಾಳಿಗೆಗಳನ್ನೆಲ್ಲ ಬಿಡಿಸುವಷ್ಟರಲ್ಲಿ ಅದಕ್ಕೆ ಏದುಸಿರು. ಆ ಏದುಸಿರನ್ನು ನಂಬಿಯೇ ಅಕ್ಕ ಒಂದೊಂದು ನೆಗೆತವನ್ನೂ ಅಳೆದಿದ್ದಳು. ಅವನು ಆರು ವಾರ ಕೂತು ಈ ಚುರುಕು ಪೆಟ್ಟಿಗೆ ಕಟ್ಟಿ, ಹೆಮ್ಮೆಯಿಂದ, ಅದನ್ನೇ ಗುಡಿಸಿ ಹಾಕಿದ್ದ.

ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಖಾಲಿ ಸುತ್ತೊಂದನ್ನು ಸೇರಿಸಿದ: ಇಷ್ಟರವರೆಗೆ ಎಣಿಸು, ಬೇರೇನೂ ಮಾಡಬೇಡ.

"ಇನ್ನೂ ನಿಧಾನ," ಎಂದಳು.

ಎಣಿಕೆಗೆ ಒಂದು ಸೊನ್ನೆ ಹೆಚ್ಚಿಸಿದ.

"ಇನ್ನೂ."

"ಆಮೇಲೆ ಆಟಾನೇ ಇರಲ್ಲ ಅಕ್ಕ."

"ನಾನಿರ್ತೀನಲ್ಲ."

ಇನ್ನೊಂದು ಸೊನ್ನೆ.

ಮೇಕೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಿತು.

"ಕೆಟ್ಟುಹೋಯ್ತಾ?"

"ಇಲ್ಲ. ಎಣಿಸ್ತಿದೆ."

"ಏನನ್ನ?"

"ಏನನ್ನೂ ಅಲ್ಲ. ಸುಮ್ನೆ."

ಅಕ್ಕ ತಲೆಯಾಡಿಸಿದಳು, ಅಂಥವರು ತನಗೆ ಗೊತ್ತು ಎಂಬಂತೆ. ಮೇಕೆ ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ಕಿಟಕಿಯ ಬಿಸಿಲು ಹಾಸಿಗೆಯ ಅಂಚಿಗೆ ಸರಿದಿತ್ತು. ಮೇಕೆ ಮಾಳಿಗೆಯ ತುದಿಗೆ ಬಂತು. ಹೆಬ್ಬೆರಳು ನಡುಗಿತು, ಎದ್ದಿತು, ಗುಂಡಿಯ ಮೇಲೆ ಕೂತಿತು. ಟಕ್.

ಎಷ್ಟೋ ಹೊತ್ತಿಗೆ ಮೇಕೆ ನೆಗೆಯಿತು.

"ದಾಟುತ್ತಾ?" ಅಕ್ಕ ಪಿಸುಗುಟ್ಟಿದಳು.

ಮುಂದಿನ ಚಿತ್ರ ಮೂಡುವವರೆಗೆ ಅದು ಅವನಿಗೂ ತಿಳಿಯುವಂತಿರಲಿಲ್ಲ. ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟ. ಅದು ತಣ್ಣಗಿತ್ತು, ಅಥವಾ ತನ್ನದೇ.

ಹಿಂದಿನ ಮಾಳಿಗೆ ಬಿಟ್ಟು, ಮುಂದಿನದು ಮುಟ್ಟದೆ, ನಾಲ್ಕೂ ಕಾಲು ಚಾಚಿ ಮೇಕೆ ಗಾಳಿಯಲ್ಲಿ ನಿಂತಿತ್ತು. ಕೆಳಗೆ ಕಪ್ಪು. ಒಳಗೆ ಚಿಪ್ಪು, ಒಂದನ್ನೂ ಬಿಡದೆ, ಎಣಿಸುತ್ತಲೇ ಇತ್ತು.