ಸೈಕಸ್ ಬಾಯಿ ತೆರೆದ ವಾರ

ಸಚಿನ ಅಂಗಳದ ಸೈಕಸ್ ಗಿಡದ ಗರಿಯ ಬುಡಕ್ಕೆ ಕುಡಗೋಲು ಇಟ್ಟೇಬಿಟ್ಟಿದ್ದ. ಗಂಡನ ಹೆಣದ ಮಗ್ಗುಲಿಂದ ಎದ್ದು ಬಂದ ರಾಚವ್ವ ಅವನ ಮುಂಗೈ ಹಿಡಿದಳು.

“ಕೈ ತಗಿ.”

“ದೊಡ್ಡಪ್ಪನ ವಿಮಾನಕ್ಕ, ದೊಡ್ಡವ್ವಾ. ತಾನ ಬೆಳಿಸಿದ ಗಿಡಾ, ನಾಕ ಗರಿ ಕಟ್ಟಿದ್ರ ಚಲೋ ಕಾಣತೈತಿ.”

“ಬಾಳಿಕಂಬ ಕಟ್ಟು. ಇದರ ಸುಳಿ ಬಾಯಿ ತೆರದೈತಿ. ಈ ವಾರ ಯಾರೂ ಕೈ ಹಚ್ಚಬ್ಯಾಡ್ರಿ.”

ಪಡಸಾಲೆಯಲ್ಲಿ ನಿಜಗುಣಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಪಕ್ಕದಲ್ಲಿದ್ದ ಅವನ ಅಕ್ಕ ಕೆಂಪವ್ವ ಮೂಗು ಒರೆಸಿಕೊಂಡು, “ಗಂಡ ಇಲ್ಲಿ ಹೆಣಾ ಆಗಿ ಕುಂತಾನ, ಈಕೀಗಿ ಗಿಡದ ಚಿಂತಿ” ಎಂದಳು.

*

ನಿಜಗುಣಪ್ಪ ನವಿಲುತೀರ್ಥದ ಆಣೆಕಟ್ಟಿನ ತೋಟದಲ್ಲಿ ಮಾಲಿಯಾಗಿದ್ದ. ಮದುವೆಯಾದ ವರ್ಷ, ದೊಡ್ಡ ಗಿಡದ ಬುಡದಿಂದ ಕಿತ್ತು ಎಸೆದಿದ್ದ ಉಳ್ಳಾಗಡ್ಡಿಯಷ್ಟು ಮರಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಮುನವಳ್ಳಿಯ ಮನೆಗೆ ತಂದ. ಗಾಯ ಒಣಗಲೆಂದು ವಾರವಿಡೀ ನೆರಳಲ್ಲಿಟ್ಟ. ಆಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ, ಅರ್ಧ ಗಡ್ಡೆ ಹೊರಗುಳಿಯುವಂತೆ ಕೂರಿಸಿದ. ರಾಚವ್ವ ಅಕ್ಕಿ ತೊಳೆದ ನೀರು ಸುರಿದರೆ ಓಡಿಬರುತ್ತಿದ್ದ.

“ನೀರ ಕುಡಿಸಿ ಕೊಲ್ಲಬ್ಯಾಡ. ಮರತಬಿಟ್ರ ಚಲೋತ್ನಂಗ ಬೆಳಿತೈತಿ ಇದು.”

“ನನ್ನ ಮರತಂಗೇನು?”

ಸಂಜೆ ಕಟ್ಟೆಯ ಮೇಲೆ ಕೂತು ಅವನು ಹೇಳುತ್ತಿದ್ದ ಕತೆಯೂ ಒಂದೇ. ಹೂವು ಅಂದರೆ ಏನೆಂದು ಜಗತ್ತಿಗೇ ಗೊತ್ತಿಲ್ಲದ ಕಾಲ. ಮನೆಯಷ್ಟು ದೊಡ್ಡ ಓತಿಕ್ಯಾತಗಳು ತಿರುಗುತ್ತಿದ್ದವು. ಆಗಲೂ ಈ ಗಿಡ ಹೀಗೇ ನಿಂತಿತ್ತು. ಇದಕ್ಕೆ ಹೂವಿಲ್ಲ, ಬರೀ ಬೀಜ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಯಾವುದೆಂದು ತಿಳಿಯಲು ಕಾಯಬೇಕು.

ಇಬ್ಬರೂ ಇಪ್ಪತ್ತೆಂಟು ವರ್ಷ ಕಾದರು. ಈ ಸಲ ಸುಳಿಯಲ್ಲಿ ಗರಿಗಳ ಬದಲು ಕಂಬಳಿಯಂಥ ಹೊಂಬಣ್ಣದ ಗುಡ್ಡೆ ಎದ್ದಿತು. ಹಾಸಿಗೆ ಹಿಡಿದಿದ್ದ ನಿಜಗುಣಪ್ಪ ಮಂಚ ಸಮೇತ ಅಂಗಳಕ್ಕೆ ಬಂದು ನೋಡಿದ.

“ಹೆಣ್ಣ! ಎಂಟ-ಹತ್ತ ದಿನಾ ಬಾಯಿ ತೆರದಿರತೈತಿ, ಅಷ್ಟ. ಗಂಡಿನ ಪುಡಿ ಬಿದ್ರ ಬೀಜ, ಇಲ್ಲಂದ್ರ ಬರೇ ಜೊಳ್ಳು. ಕಿತ್ತೂರಿನ ಶ್ರೀಶೈಲಗ ಫೋನ್ ಹಚ್ಚು.”

ಫೋನು ಹಚ್ಚಿ ಎಂಟನೆಯ ದಿನ ಅವನು ತೀರಿಕೊಂಡ.

*

ಹಳೆಯ ಗೆಳೆಯ ಶ್ರೀಶೈಲ ಮಧ್ಯಾಹ್ನ ಬಂದ. ಹಾರ ಹಾಕಿ, ಅತ್ತು, ಆಮೇಲೆ ಅಂಗಳದಲ್ಲಿ ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ.

“ವೈನಿ, ನನ್ನ ನರ್ಸರಿ ಗಂಡು ಗಿಡದ ಪುಡಿ. ಮೊನ್ನಿ ಉದುರಿತು, ಫ್ರಿಜ್ಜಿನಾಗ ಇಟ್ಟಿದ್ನಿ. ಇವತ್ತ ತರೂದು ಬರೋಬ್ಬರಿ ಅನಸಲಿಲ್ಲ. ಆದ್ರ ನಾಳಿಗಿ ಮುಚ್ಚಿಕೊಂಡ್ರ?”

“ಸೂತಕದಾಗ ಹಸರ ಗಿಡಾ ಮುಟ್ತೀಯೇನ?” ಕೆಂಪವ್ವ ಹೊರಗೆ ಬಂದಳು. “ಸೂತಕದ ದಿನಾ ಕಳೀಲಿ.”

“ಅಲ್ಲೀತನಾ ಇದು ಇರೂದಿಲ್ಲ, ಅಕ್ಕಾ.”

“ಮುಂದಿನ ವರ್ಷ ಬರತೈತಿ ತಗಿ.”

“ಜ್ವಾಳದ ಬೆಳಿ ಅಲ್ಲರೀ ಇದು, ವರ್ಷಾ ಬರಾಕ” ಎಂದ ಶ್ರೀಶೈಲ.

ಬಿಲ್ವಪತ್ರೆ ಬಿಡಿಸುತ್ತಿದ್ದ ಅಯ್ಯನವರು ತಲೆ ಎತ್ತಿದರು. “ಲಿಂಗಾ ಕಟ್ಟಿದವರಿಗಿ ಸೂತಕ ಎಲ್ಲೀದವ್ವಾ? ನಾವ ತಂದ ಇಟ್ಕೊಂಡೀವಿ.”

“ನಿಮಗೇನ ಅಯ್ನಾರ, ಹೇಳಿ ಹೋಗ್ತೀರಿ. ಮಂದಿ ಬಾಯಿ ಯಾರ ಮುಚ್ಚವರು?”

ಭಜನೆಯವರ ತಾಳ ಶುರುವಾಯಿತು. ನಿಜಗುಣಪ್ಪನನ್ನು ಕೂರಿಸಿ ಬಾಳೆಕಂಬ ಕಟ್ಟಿದ ವಿಮಾನ ಹೆಗಲೇರಿತು. ಎಲ್ಲರೂ ಹೊರಬಿದ್ದರು. ರಾಚವ್ವ ಒಬ್ಬಳೇ ಹಿಂದುಳಿದು, ಗಿಡದ ಮುಂದೆ ಮೊಣಕಾಲೂರಿ ಶ್ರೀಶೈಲ ಕೊಟ್ಟ ಪೊಟ್ಟಣದ ಹಳದಿ ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಕಂಬಳಿಯಂಥ ಗುಡ್ಡೆಯ ಒಂದೊಂದೇ ಮಡಿಕೆಯನ್ನು ಬೆರಳಿನಿಂದ ಸರಿಸಿ, ಪುಡಿ ಉದುರಿಸಿ, ಮೆಲ್ಲಗೆ ಊದಿದಳು. ತಾಳದ ಸದ್ದು ಓಣಿಯ ತಿರುವು ದಾಟುತ್ತಿತ್ತು. ಕೈ ತೊಳೆಯದೆ ಓಡಿದಳು.

ಸಮಾಧಿಯ ಕುಣಿಯಲ್ಲಿ ನಿಜಗುಣಪ್ಪನನ್ನು ಕೂರಿಸಿ, ಪತ್ರೆ ಏರಿಸಿ, ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕತೊಡಗಿದರು. ರಾಚವ್ವನ ಸರದಿ ಬಂತು. ಅವಳು ಮುಂದೆ ಚಾಚಿದ ಅಂಗೈಯ ಗೆರೆಗಳೆಲ್ಲ ಹಳದಿ.

“ಅಯ್ಯ, ಇವತ್ತ ಅರಿಷಿಣಾ ಹಚ್ಕೊಂಡಾಳಲ್ಲ?” ಹಿಂದೆ ಯಾರೋ ಪಿಸುಗುಟ್ಟಿದರು.

ಕೆಂಪವ್ವ ಆ ಕೈಯನ್ನು ನೋಡಿದಳು. ಬಾಗಿ, ಗುಡ್ಡೆಯಿಂದ ಒಂದು ಹಿಡಿ ಮಣ್ಣೆತ್ತಿ, ತಮ್ಮನ ಹೆಂಡತಿಯ ಹಳದಿ ಅಂಗೈಯಲ್ಲಿಟ್ಟಳು.