ತೂವಾಳ ಒಳಬಾಗಿಲು

ಬಡಗಣ ಹಿಮನಾಡಿನ ಊಮೆ ನದಿಯ ಮಂಜುಗಡ್ಡೆ ಬಿರುಕುಬಿಟ್ಟು, ಆರು ತಿಂಗಳ ಮೌನವನ್ನು ನೀರು ಮೆಲ್ಲಮೆಲ್ಲನೆ ಮುರಿಯುತ್ತಿದ್ದ ಏಪ್ರಿಲ್ ಮಧ್ಯಾಹ್ನವದು, ಸಹೃದಯರೇ! ದಡದ ಬರ್ಚ್ ಮರಗಳ ಬರಿಯ ರೆಂಬೆಗಳಲ್ಲಿ ಬಿಸಿಲು ಆಗಷ್ಟೇ ಕಣ್ದೆರೆದ ಹಸುಳೆಯಂತೆ ಅತ್ತಿತ್ತ ನೋಡುತ್ತಿತ್ತು...

ಶಾಲೆಯ ಮೆಟ್ಟಿಲ ಮೇಲೆ ಜಾರಿ ತೊಡೆಮೂಳೆ ಮುರಿದುಕೊಂಡ ಹನ್ನೆರಡು ವರ್ಷದ ತೂವಾಳನ್ನು ಅಂದು ಆಸ್ಪತ್ರೆಗೆ ತಂದರು. ಬೆನ್ನುಹುರಿಯ ದೋಷದಿಂದ ಅವಳಿಗೆ ಹುಟ್ಟಿನಿಂದಲೂ ಮೂತ್ರ ನಿಲ್ಲುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮೂತ್ರಕೋಶದ ಕೊರಳಿಗೆ ದ್ರವ ತುಂಬಿದ ಮೃದುವಾದ ಪಟ್ಟಿ ತೊಡಿಸಿ, ಅದನ್ನು ಸಡಿಲಿಸುವ ಗುಂಡಿಯನ್ನು ಚರ್ಮದಡಿ ಇರಿಸಿದ್ದರು. ಒಣಬಟ್ಟೆಯಲ್ಲಿ ಶಾಲೆಗೆ ಹೋಗುವ ಸುಖ ಅಂದಿನಿಂದ ಅವಳದಾಯಿತು. ಆದರೆ ಪಟ್ಟಿ ಬಿಗಿದಿರುವಾಗ ಯಾರಾದರೂ ಮೂತ್ರ ಬಸಿಯುವ ನಳಿಕೆ ತೂರಿಸಿದರೆ ಒಳಗಿನ ಎಳೆಯ ಮಾಂಸ ಹರಿದು, ಪಟ್ಟಿಯನ್ನೇ ತೆಗೆದುಹಾಕಬೇಕಾದೀತು. ಅದಕ್ಕೆಂದೇ ಅದೇ ಆಸ್ಪತ್ರೆಯ ದಾದಿ ಸಿಗ್ರಿಡ್ ಇಂಥ ಮಕ್ಕಳಿಗೆಲ್ಲ, ಯಾವ ವೈದ್ಯರು ಬಂದರೂ ಒಳಗೆ ಪಟ್ಟಿಯಿದೆಯೆಂದು ಮೊದಲು ನೀವೇ ಬಾಯಿಬಿಟ್ಟು ಹೇಳಿ ಎಂದು ಕಲಿಸಿದ್ದಳು.

ತೂವಾ ಹೇಳಲಿಲ್ಲ. ಸಹಪಾಠಿಯೊಬ್ಬಳು ಪಕ್ಕದಲ್ಲೇ ಕೈಹಿಡಿದು ನಿಂತಿದ್ದಳಲ್ಲ! ಮೂಳೆವೈದ್ಯ ಯಾಲ್ಮಾರ್ ಬೇರೆ ತೊಂದರೆಯೇನಾದರೂ ಇದೆಯೇ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದಳು. ಅವನೂ ಅವಸರದಲ್ಲಿ ಹಳೆಯ ದಾಖಲೆಯನ್ನು ಪೂರ್ತಿ ಓದಲಿಲ್ಲ.

ಮಗು ಮದ್ದಿನ ನಿದ್ರೆಗೆ ಜಾರಿತು. ಮೂಳೆ ಕೂಡಿಸುವ ಮುನ್ನ ಮೂತ್ರ ಬಸಿಯಲೆಂದು ಅವನು ನಳಿಕೆ ಕೈಗೆತ್ತಿಕೊಂಡ. ಅಂದಿನ ಶಸ್ತ್ರಚಿಕಿತ್ಸೆಗಳ ಪಟ್ಟಿಯಲ್ಲಿ ತೂವಾಳ ಹೆಸರು ಕಂಡ ಸಿಗ್ರಿಡ್ ಏದುಸಿರು ಬಿಡುತ್ತ ಒಳಬಂದದ್ದು ಆ ಗಳಿಗೆಯಲ್ಲೇ.

"ಕೈ ತೆಗೀರಿ, ಯಾಲ್ಮಾರ್. ಒಳಗಿನ ಬಾಗಿಲು ಮುಚ್ಚಿದೆ."

ಅವಳ ಬೆರಳುಗಳು ಗುಂಡಿಯನ್ನು ಹುಡುಕಿ, ಒತ್ತಿ, ತುಸು ಕಾದು, ಪಟ್ಟಿ ಮತ್ತೆ ಬಿಗಿಯದಂತೆ ತಡೆದವು. ಬಳಿಕ ಅತಿ ಸಣ್ಣ ನಳಿಕೆಯೊಂದು ಹೂವಿನೊಳಕ್ಕೆ ಬೆಳಕು ಇಳಿದಂತೆ ಇಳಿಯಿತು...

ಎಚ್ಚರವಾದೊಡನೆ ತೂವಾ ಕೇಳಿದ್ದು ಕಾಲಿನ ಸುದ್ದಿಯನ್ನಲ್ಲ. "ನಂದು ಹಾಳಾಯ್ತಾ?"

"ಇಲ್ಲ ಪುಟ್ಟೀ, ಗಟ್ಟಿಮುಟ್ಟಾಗಿದೆ. ಆದ್ರೆ ಇನ್ನೊಂದ್ಸಲ ಬಾಯಿ ಮುಚ್ಕೊಂಡಿದ್ರೆ, ನಿನ್ನ ಹಣೆ ಮೇಲೇ ಬರೆದುಬಿಡ್ತೀನಿ ನೋಡು," ಎಂದಳು ಸಿಗ್ರಿಡ್.

ಮಗು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಯಾಲ್ಮಾರ್ ನಗಲಿಲ್ಲ. ತಪ್ಪು ತನ್ನದೆಂದು ಒಪ್ಪಿಕೊಂಡು, "ನನಗೂ ಕಲಿಸಿ. ಪ್ರತಿ ಸಲ ನೀವೇ ಓಡಿ ಬರೋಕಾಗುತ್ತಾ?" ಎಂದ.

ಗುರುವಾರದ ಕಾಫಿ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನುಗಳ ನಡುವೆ ಅವಳು ಪಟ್ಟಿ, ಗುಂಡಿಗಳ ಅಭ್ಯಾಸದ ಮಾದರಿಯನ್ನಿಟ್ಟಳು. ಅವನು ಬಲವಾಗಿ ಒತ್ತಿದ. ಅವಳು ಆ ಬೆರಳ ಮೇಲೆ ತನ್ನ ಬೆರಳಿಟ್ಟಳು. "ಮೆಲ್ಲಗೆ. ಇದು ಮೂಳೆ ಅಲ್ಲ."

ಬೇಸಿಗೆಯ ಹೊತ್ತಿಗೆ, ಒಳಗೆ ಪಟ್ಟಿಯಿದೆಯೇ ಎಂದು ಕೇಳದೆ ಆ ಆಸ್ಪತ್ರೆಯಲ್ಲಿ ಯಾರೂ ನಳಿಕೆ ಮುಟ್ಟುತ್ತಿರಲಿಲ್ಲ. ಪಾಠ ಮುಗಿದಿತ್ತು, ಅವರಿಬ್ಬರ ಗುರುವಾರಗಳು ಮುಗಿಯಲಿಲ್ಲ.

ಮತ್ತೊಬ್ಬರ ಗುಟ್ಟಿನ ನೋವನ್ನು ಅವರು ನಿದ್ರಿಸುವಾಗಲೂ ಕಾಯುವ ಕೈಗಳನ್ನು ಕಂಡಾಗ ಹೃದಯ ಮೊದಲು ತಲೆಬಾಗುತ್ತದೆ. ಪ್ರೀತಿ ಅನಂತರ, ಬಾಗಿದ ಆ ತಲೆಯ ಮೇಲೆ, ದೇವರ ಹಸ್ತದಂತೆ ಸದ್ದಿಲ್ಲದೆ ಇಳಿಯುತ್ತದೆ...