ಬಿಸಿಲಿಗೆ ಕೊಟ್ಟ ವೀಳ್ಯ

"ಹ್ವಾಯ್ ಭೋಜಣ್ಣ, ಆ ಸರಳೆಲ್ಲ ಎಂತಕೆ ಮೇಲ್ ಹೋತಾ ಇತ್ತ್?"

ರಾಜೀವಿ ಕಾಂಪೌಂಡಿನ ಈಚೆಯಿಂದ ಕೂಗಿದಳು. ಆಚೆ, ಸಾಸ್ತಾನದ ಹೆದ್ದಾರಿಗೆ ಮುಖ ಮಾಡಿ ನಿಂತ ಲಾಡ್ಜಿನ ಮಗ್ಗುಲಲ್ಲಿ ಕಬ್ಬಿಣದ ಸರಳುಗಳು ಹಗ್ಗಕ್ಕೆ ಜೋತುಬಿದ್ದು ಟೆರೇಸಿಗೆ ಏರುತ್ತಿದ್ದವು. ಕೆಳಗೆ ಮೊಬೈಲು ಒತ್ತುತ್ತ ನಿಂತಿದ್ದ ಲಾಡ್ಜಿನ ಯಜಮಾನ ಭೋಜರಾಜ ತಲೆಯೆತ್ತಿ ನಕ್ಕ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವನ ನಗು ಅದು, ಗಿರಾಕಿಗೂ ನೆರೆಯವರಿಗೂ ಒಂದೇ.

"ಇನ್ನೊಂದ್ ಮಾಳ್ಗಿ ಮಾರಾಯ್ತಿ. ಶೀನ ಒಪ್ಪಿದ್ನಲೆ. ನಿಂಗೆ ಹೇಳ್ಲಿಲ್ಯಾ?"

ರಾಜೀವಿಯ ಕಿವಿ ಬಿಸಿಯಾಯಿತು. ಲಾಡ್ಜಿಗೆ ಪಾಯ ತೆಗೆಯುವಾಗ ಇದೇ ಮನುಷ್ಯ ಇವರ ಜಗಲಿಯಲ್ಲಿ ಕೂತು, ನಾಲ್ಕು ಜನರ ಎದುರು ಮಾತು ಕೊಟ್ಟಿದ್ದ: ಎರಡು ಮಾಳಿಗೆ, ಅದರ ಮೇಲೆ ನೀವು ಒಪ್ಪದೆ ಒಂದು ಕಲ್ಲೂ ಇಲ್ಲ. ಆ ಎರಡಕ್ಕೇ ಅಂಗಳದ ಬಿಸಿಲು ಮುಕ್ಕಾಲು ಪಾಲು ಹೋಗಿತ್ತು. ಉಳಿದದ್ದು ನಡುಮಧ್ಯಾಹ್ನದ ಒಂದು ತುಂಡು. ಆ ತುಂಡನ್ನೇ ನಂಬಿಕೊಂಡು ಅವಳ ಮಲ್ಲಿಗೆಯ ಕುಂಡಗಳು ಬದುಕಿದ್ದವು. ಹೂ ಕಟ್ಟಿ ಪೇಟೆಗೆ ಕೊಟ್ಟು, ಗಂಡನ ಮುಂದೂ ಕೈ ಚಾಚದೆ ಬದುಕಿದ ಹೆಂಗಸು ಅವಳು. ಇನ್ನೊಂದು ಮಾಳಿಗೆ ಎದ್ದರೆ ಮಲ್ಲಿಗೆಯೂ ಇಲ್ಲ, ಆ ಗತ್ತೂ ಇಲ್ಲ.

ಮನೆಯೊಳಗೆ, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಗಂಡ ಶೀನ ಕೆಲಸಕ್ಕೆ ಹೊರಟು ಅಂಗಿ ಹಾಕಿಕೊಳ್ಳುತ್ತಿದ್ದ.

"ಎಂತ ಒಪ್ಪಿದ್ರಿ ನೀವ್?"

"ನಾನಾ? ಎಂತದೂ ಇಲ್ಲೆ." ಅಷ್ಟರಲ್ಲಿ ಏನೋ ನೆನಪಾಗಿ ಅವನ ಮುಖ ಸಪ್ಪಗಾಯಿತು. "ಆ ಲೈಟ್ ಕೊಡುವತಿಗೆ ಎಲಿ-ಅಡ್ಕಿ ಇಟ್ಟ್ ಕೊಟ್ಟಿದ್ರ್..."

ಲೈಟು! ಮಳೆಗಾಲ ಮುಗಿದ ಹೊಸತರಲ್ಲಿ ಭೋಜರಾಜ ತಾನಾಗಿ ತಂದುಕೊಟ್ಟದ್ದು. ನೇರಳೆ ಬೆಳಕಿನ ಉದ್ದನೆಯ ಎಲ್ಇಡಿ ಪಟ್ಟಿ. "ಇದ್ರಡಿಗೆ ಇಟ್ರೆ ಗಿಡಕ್ಕೆ ಬಿಸ್ಲೇ ಬ್ಯಾಡ. ಮುಂಬೈಯಗೆ ಫ್ಲಾಟಿನ ಒಳ್ಗೇ ತೋಟ ಮಾಡ್ತ್ರ್. ಕರೆಂಟೂ ಎಳಿತಿಲ್ಲೆ" ಎಂದು ಹಾಡಿ ಹೊಗಳಿದ್ದ. ಪೆಟ್ಟಿಗೆಯ ಮೇಲೆ ವೀಳ್ಯದೆಲೆ, ಅಡಿಕೆ. ಶೀನ ಎರಡೂ ಕೈ ಒಡ್ಡಿ ತೆಗೆದುಕೊಂಡಿದ್ದ.

"ಅವ್ರ್ ಮಗಳ್ ಮದಿ ಹೇಳ್ಕಿ ಅಂತ ಎಣ್ಸಿದೆ."

"ತಕಂಡ್ ಎಂತ ಮಾಡ್ದ್ರಿ?"

"ತಿಂದೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಮಾನದ ಜೊತೆಗೆ ಬಿಸಿಲೂ ಹೋಗಿತ್ತು, ಅದೂ ಜಗಿದು ಉಗಿದ ಅಡಿಕೆಗೆ. ಮದುವೆಗೆ ಕರೆಯುವುದೂ ವೀಳ್ಯ ಕೊಟ್ಟೇ, ಮಾತು ಗಟ್ಟಿ ಮಾಡುವುದೂ ವೀಳ್ಯ ಕೊಟ್ಟೇ. ಹಿಡಿದವನು ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ಶೀನ ಯಾವುದಕ್ಕೆಂದು ಕೇಳುವವನಲ್ಲ, ಅದು ಭೋಜರಾಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಬಿಡದೆ ಎದ್ದು ಹೋಗಿದ್ದ, ಕಳ್ಳ.

ಒಳಕೋಣೆಯಲ್ಲಿ ಲೈಟು ಉರಿಯುತ್ತಿತ್ತು. ಅಡಿಯಲ್ಲಿ ಮೂರು ಮಲ್ಲಿಗೆ ಕುಂಡ, ಕಡುಹಸಿರು ಎಲೆ. ಒಂದಾದರೂ ಮೊಗ್ಗು? ಇಲ್ಲ. ಕಾಲೇಜಿಗೆ ಹೋಗುವ ಮಗಳು ಅನಿಷಾ ಮೊದಲೇ ಹೇಳಿದ್ದಳು, "ಅಮ್ಮ, ಇದ್ ಸೊಪ್ಪಿಗೆ ಸಾಕಾತ್ತ್, ಮಲ್ಲಿಗಿಗೆ ಸಾಲ್ದ್." ರಾಜೀವಿ ಪ್ಲಗ್ಗು ಹಿಡಿದು ಜಗ್ಗಿದಳು.

"ನಡು ಹಗ್ಲಗೆ ದೀಪ ಉರ್ಸೂದ್ ಹೆಣದ್ ತಲಿ ಹತ್ರ ಮಾತ್ರ. ಅನಿಷಾ, ಮಲ್ಲಿಗಿ ಚಟ್ಟಿ ಎತ್ತ್."

"ಎಲ್ಲಿಗೆ?"

"ಬಿಸ್ಲ್ ಇಪ್ಪಲ್ಲಿಗೆ."

ಲಾಡ್ಜಿನ ಕೌಂಟರಿನ ಮೇಲೆ ಲೈಟನ್ನು ವಯರು ಸಮೇತ ಕುಕ್ಕಿ, ರಾಜೀವಿ ಕುಂಡ ಅಪ್ಪಿಕೊಂಡು ಲಿಫ್ಟು ಹತ್ತಿದಳು. ಸೂಟ್‌ಕೇಸು ಹಿಡಿದು ಕಾಯುತ್ತಿದ್ದ ಗಿರಾಕಿಗಳು ಅವಳ ಮುಖ ನೋಡಿ ತಾವಾಗಿಯೇ ಸರಿದರು. ಕೌಂಟರಿನ ಹುಡುಗಿ "ಅಕ್ಕ, ಅಕ್ಕ" ಅನ್ನುತ್ತಲೇ ಉಳಿದಳು. ತಾಯಿ, ಮಗಳು ಮತ್ತೆ ಇಳಿದರು, ಮತ್ತೆ ಹತ್ತಿದರು. ಒಳಗಿನವು ಮುಗಿದ ಮೇಲೆ ಅಂಗಳದವು.

ಟೆರೇಸಿನಲ್ಲಿ ಬಿಸಿಲು ಧಾರಾಳವಾಗಿ ಬಿದ್ದಿತ್ತು. ಒಗೆದ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು, ಹೊಸ ಕಂಬಗಳಿಗೆ ಕಟ್ಟಿದ ಸರಳುಗಳು ನೆಟ್ಟಗೆ ನಿಂತಿದ್ದವು. ಬೆನ್ನಿಗೆ ಬಿಸಿ ತಾಗಿದ್ದೇ ರಾಜೀವಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಅವಳು ಕುಂಡಗಳನ್ನು ಸರಳುಗಳ ನಡುವೆಯೇ ಇಡುತ್ತಾ ಹೋದಳು. ಗಾರೆ ಕೆಲಸದವರು ಕೈ ನಿಲ್ಲಿಸಿ ನೋಡತೊಡಗಿದರು.

ಭೋಜರಾಜ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಲಿಫ್ಟು ಮಲ್ಲಿಗೆಯ ವಶದಲ್ಲಿತ್ತು.

"ಎಂತ ಮರ್ಲ್ ಇದ್? ನಿನ್ ಗಂಡ ವೀಳ್ಯ ತಕಂಡಿದ!"

"ದೀಪಕ್ಕೆ ತಕಂಡದ್. ನಿನ್ ದೀಪ ಕೆಳ್ಗೆ ಕೌಂಟರಗೆ ಇತ್ತ್, ಹೋಯಿ ಕಾಣ್." ಅವಳ ಬಾಯಿಂದ ‘ಅಣ್ಣ’ ಹೋಯಿತು, ‘ನೀವು’ ಹೋಯಿತು. "ಬಿಸ್ಲಿಗೆ ಯಾರೂ ವೀಳ್ಯ ತಕಣ್ಲಿಲ್ಲ. ಅದನ್ನ್ ನೀನ್ ಹೇಳ್ದೆ ಕೇಣ್ದೆ ಹೊತ್ಕಂಡ್ ಬಂದದ್. ಅದ್ ಎಲ್ಲಿತ್ತೋ ಅಲ್ಲೇ ನನ್ ಮಲ್ಲಿಗಿ."

"ಇದ್ ನನ್ ಜಾಗ!"

"ಜಾಗ ನಿಂದೇ. ಯಾರ್ ಅಲ್ಲ ಅಂದದ್?"

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಕೆಲಸಕ್ಕೆ ಹೊರಟಿದ್ದ ಅಂಗಿಯಲ್ಲೇ ಶೀನ ಎಲ್ಲಕ್ಕಿಂತ ದೊಡ್ಡ ಕುಂಡವನ್ನು ಹೊತ್ತು ಬಂದ. ಭೋಜರಾಜನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಕಾಂಕ್ರೀಟು ಸುರಿಯಲು ಹಲಗೆ ಜೋಡಿಸಿದ್ದ ಕಂಬದ ಬುಡಕ್ಕೆ ಅದನ್ನು ಇಳಿಸಿ, ಅಲುಗಾಡದಂತೆ ಒತ್ತಿ ಕೂರಿಸಿದ.

"ಒಂದ್ ಬಾಲ್ದಿ ನೀರ್ ಕೊಡಿ" ಎಂದಳು ರಾಜೀವಿ, ಗಾರೆಯವರ ಕಡೆ ತಿರುಗಿ.

ಅವರಲ್ಲೊಬ್ಬ ಯಜಮಾನನನ್ನು ನೋಡಿದ. ಯಜಮಾನನ ಕಣ್ಣು ಕಂಬದ ಬುಡದ ಕುಂಡದ ಮೇಲಿತ್ತು. ಕೆಲಸದವನು ಡ್ರಮ್ಮಿನಿಂದ ನೀರು ಮೊಗೆದು ತಂದಿಟ್ಟ.

ರಾಜೀವಿ ಅವಸರವಿಲ್ಲದೆ ಒಂದೊಂದೇ ಕುಂಡಕ್ಕೆ ಹೊಯ್ಯುತ್ತ ಬಂದಳು. ಮಣ್ಣು ಕುಡಿದು ಮಿಕ್ಕ ನೀರು ಸ್ಲ್ಯಾಬಿನ ಮೇಲೆ ಕೆಂಪಗೆ ಹರಿದು ಭೋಜರಾಜನ ಚಪ್ಪಲಿಯ ತುದಿಗೆ ಬಂತು. ಅವನು ಕಾಲು ಹಿಂದೆ ತೆಗೆದ.